ಒಲೆ ಒಂದು, ಲೆಕ್ಕ ಮೂರು

ಬೆಳಗಾವಿ ನಗರದ ವಡಗಾವಿಯ ಒಂದು ಗಲ್ಲಿಯಲ್ಲಿ, ಕೆಳಗೆ ವಿದ್ಯುತ್ ಮಗ್ಗಗಳು ಓಡುವ ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ಬಾಡಿಗೆ ಮನೆ. ಎರಡು ಖೋಲಿ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಹೊರಗೆ ನಾಲ್ಕು ಹೆಜ್ಜೆ ಜಾಗ. ಬೆಳಿಗ್ಗೆ ಮಗ್ಗ ಶುರುವಾದರೆ ಗೋಡೆಗೆ ಒರಗಿಸಿಟ್ಟ ತಟ್ಟೆಗಳೂ ಸಣ್ಣಗೆ ನಡುಗುತ್ತವೆ. ಕರೆಂಟು ಹೋಗಿ ಸದ್ದು ನಿಂತಾಗಲೇ ನನ್ನ ಮಗಳು ಪುಸ್ತಕದಿಂದ ತಲೆ ಎತ್ತಿ ನೋಡುವುದು.

ಒಂದು ಖೋಲಿ ನನ್ನದು ಮತ್ತು ಮಗಳದು. ಇನ್ನೊಂದರಲ್ಲಿ ಇಬ್ಬರು ಗೆಳತಿಯರು. ಒಬ್ಬಳು ಖಾನಾಪುರ ಕಡೆಯವಳು, ಮನೆಮಾತು ಮರಾಠಿ, ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ. ಇನ್ನೊಬ್ಬಳು ಅಥಣಿಯವಳು, ಉದ್ಯಮಬಾಗದ ಕಾರ್ಖಾನೆಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. ನಾನು ರಾಮದುರ್ಗ ತಾಲ್ಲೂಕಿನವಳು, ಖಡೇಬಜಾರದ ಹತ್ತಿರದ ಒಂದು ಅಂಗಡಿಗೆ ರವಿಕೆ ಹೊಲಿದು ಕೊಡುತ್ತೇನೆ. ಮನೆ ಬಾಡಿಗೆ 7,500 ರೂಪಾಯಿ, ತಲಾ 2,500. ಮುಂಗಡವನ್ನೂ ಮೂವರೂ ಸಮನಾಗಿ ಹಾಕಿದ್ದೇವೆ. ಗಂಡ ತೀರಿಕೊಂಡ ಮರುವರ್ಷ, 2022ರಲ್ಲಿ, ಮಗಳ ಕೈ ಹಿಡಿದು ಈ ಊರಿಗೆ ಬಂದಾಗ ಒಬ್ಬಳೇ ಮನೆ ಹಿಡಿಯಲು ನೋಡಿದ್ದೆ. ಬಾಡಿಗೆ ಕೈಗೆ ಎಟಕುವಂಥದ್ದಿದ್ದರೆ ಮಾಲೀಕರು ಒಪ್ಪುತ್ತಿರಲಿಲ್ಲ, ಮಾಲೀಕರು ಒಪ್ಪಿದಲ್ಲಿ ಬಾಡಿಗೆ ಎಟಕುತ್ತಿರಲಿಲ್ಲ. ಹಂಚಿಕೊಂಡು ಇರುವುದು ಹೀಗೆ ಬಂದದ್ದು. ನಂತರ ಅದೇ ನಮಗೆ ಮೂವರಿಗೂ ಬಲವಾಯಿತು. ನನಗೆ ಜ್ವರ ಬಂದರೆ ಮಗಳ ಡಬ್ಬಿ ತುಂಬುವವರಿದ್ದಾರೆ, ಖಾನಾಪುರದವಳಿಗೆ ರಾತ್ರಿ ಪಾಳಿಯಿದ್ದರೆ ಬೆಳಿಗ್ಗೆ ಅವಳಿಗಾಗಿ ಬಿಸಿನೀರು ಕಾದಿರುತ್ತದೆ.

ಅಡುಗೆ ಒಂದೇ. ಬೆಳಿಗ್ಗೆ ರೊಟ್ಟಿ ನಾನು ಬಡಿಯುತ್ತೇನೆ, ಪಲ್ಯ ಅವರಿಬ್ಬರಲ್ಲಿ ಒಬ್ಬರದು. ಗ್ಯಾಸ್ ಸಂಪರ್ಕ ಖಾನಾಪುರದವಳ ಹೆಸರಿನಲ್ಲಿದೆ, ಗೃಹಜ್ಯೋತಿಗೆ ಮನೆಯ ಮೀಟರಿನ ಜೊತೆ ಜೋಡಿಸಿದ ಆಧಾರ್ ಅಥಣಿಯವಳದು. ಬಾಡಿಗೆ ಕರಾರಿನಲ್ಲಿದ್ದ ಹೆಸರೂ ಅವಳದೇ. ಅಂದರೆ ಈ ಮನೆಯಲ್ಲಿ ನಾನು ಮೂರು ವರ್ಷ ಇದ್ದೆ, ಇದ್ದೇನೆ ಎಂದು ತೋರಿಸುವ ಒಂದು ಚೀಟಿಯೂ ನನ್ನ ಹೆಸರಿನಲ್ಲಿರಲಿಲ್ಲ. ಅದು ಎಷ್ಟು ದೊಡ್ಡ ಕೊರತೆ ಎಂದು ಸರ್ಕಾರದ ಮನೆಗೆ ಅರ್ಜಿ ಹಾಕುವವರೆಗೆ ನನಗೆ ತಿಳಿದಿರಲಿಲ್ಲ. ನಮ್ಮ ಹಾಗೆ ಮನೆ ಹಂಚಿಕೊಂಡು ಇರುವ ಹೆಣ್ಣುಮಕ್ಕಳು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗವಾದೀತು ಎಂದೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0 ಶುರುವಾದದ್ದು 2024ರ ಸೆಪ್ಟೆಂಬರಿನಲ್ಲಿ. ಐದು ವರ್ಷಗಳಲ್ಲಿ ನಗರಗಳ ಒಂದು ಕೋಟಿ ಕುಟುಂಬಗಳಿಗೆ ನೆರವು ಕೊಡುವ ಗುರಿ ಅದರದು. ಅಂಗಡಿಗೆ ಬರುವ ಒಬ್ಬ ಅಂಗನವಾಡಿ ಕಾರ್ಯಕರ್ತೆ ನನಗೆ ಮೊದಲು ಅದನ್ನು ಹೇಳಿದರು. ವರ್ಷದ ಆದಾಯ 3 ಲಕ್ಷದೊಳಗಿದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷದವರೆಗೆ ಕಡಿಮೆ ಆದಾಯದ ವರ್ಗ, 6ರಿಂದ 9 ಲಕ್ಷದವರೆಗೆ ಮಧ್ಯಮ ವರ್ಗ. ನನ್ನ ದುಡಿಮೆ ತಿಂಗಳಿಗೆ 11,000ದ ಆಸುಪಾಸು. ವಿಧವೆಯರಿಗೂ ಒಂಟಿ ಮಹಿಳೆಯರಿಗೂ ಆದ್ಯತೆ ಇದೆ, ಮನೆ ಮಂಜೂರಾದರೆ ಅದು ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕು ಎಂಬ ನಿಯಮವನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಹೆಸರಿನಲ್ಲಿ ಇದುವರೆಗೆ ಇದ್ದದ್ದು ಒಂದು ಹೊಲಿಗೆ ಯಂತ್ರ ಮಾತ್ರ.

ಯೋಜನೆಯಲ್ಲಿ ನಾಲ್ಕು ದಾರಿಗಳಿವೆ. ಸ್ವಂತ ಜಾಗ ಇದ್ದವರು ತಾವೇ ಮನೆ ಕಟ್ಟಿಕೊಳ್ಳುವುದು ಒಂದು. ಸರ್ಕಾರ ಅಥವಾ ಖಾಸಗಿಯವರು ಸಹಭಾಗಿತ್ವದಲ್ಲಿ ಕಟ್ಟುವ ವಸತಿ ಸಮುಚ್ಚಯದಲ್ಲಿ ಮನೆ ಪಡೆಯುವುದು ಎರಡನೆಯದು. ಮೂರನೆಯದು ಕಡಿಮೆ ಬಾಡಿಗೆಯ ವಸತಿ. ನಾಲ್ಕನೆಯದು ಗೃಹಸಾಲದ ಬಡ್ಡಿಗೆ ಸಹಾಯಧನ. 25 ಲಕ್ಷದವರೆಗಿನ ಸಾಲ ಪಡೆದವರಿಗೆ ಐದು ವಾರ್ಷಿಕ ಕಂತುಗಳಲ್ಲಿ ಗರಿಷ್ಠ 1.80 ಲಕ್ಷ ರೂಪಾಯಿ ಬರುತ್ತದೆ. ಅಥಣಿಯ ಹುಡುಗಿಗೆ ಅದು ಸರಿಹೊಂದೀತು, ನನಗೆ ಸಾಲ ಕೊಡುವ ಬ್ಯಾಂಕು ಇಲ್ಲ. ಜಾಗ ಇಲ್ಲದ ನನಗೆ ಹೊಂದುವುದು ಎರಡನೆಯ ದಾರಿ. ಅಲ್ಲಿ ಮನೆಯ ಒಳಗಿನ ವಿಸ್ತೀರ್ಣ 30ರಿಂದ 45 ಚದರ ಮೀಟರ್. ಮಗಳು ಶಾಲೆಯ ಅಳತೆಪಟ್ಟಿ ಹಿಡಿದು ನಮ್ಮ ಖೋಲಿಯನ್ನು ಅಳೆದು, ಇಂಥ ಮೂರು ಖೋಲಿ ಹಿಡಿಸುತ್ತವೆ ಎಂದು ಲೆಕ್ಕ ಹಾಕಿ ಹೇಳಿದಳು. ಈ ಮನೆ ಪೂರ್ತಿ ಉಚಿತ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಸರ್ಕಾರದ ಪಾಲು ಹೋಗಿ ಉಳಿದದ್ದನ್ನು ಫಲಾನುಭವಿಯೇ ಹೊಂದಿಸಬೇಕು. ಅದಕ್ಕೆಂದು ನಾನು ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುತ್ತಿದ್ದೇನೆ.

ಅರ್ಜಿಗೆ ಕೂರುವ ಮೊದಲೇ ಆಧಾರ್ ನನ್ನನ್ನು ತಡೆಯಿತು. ಅದರಲ್ಲಿದ್ದ ವಿಳಾಸ ರಾಮದುರ್ಗ ತಾಲ್ಲೂಕಿನ ಹಳ್ಳಿಯದು. ಜೋಡಿಸಿದ ಮೊಬೈಲ್ ಸಂಖ್ಯೆ ನನ್ನ ಗಂಡನದು. ಅವರು ಹೋದ ಮೇಲೆ ಆ ಸಂಖ್ಯೆಗೆ ಹಣ ಹಾಕುವವರಿಲ್ಲದೆ ಅದು ಬೇರೆ ಯಾರದೋ ಕೈ ಸೇರಿತ್ತು. ಒಟಿಪಿ ಇಲ್ಲದೆ ಅರ್ಜಿಯ ಮೊದಲ ಪುಟವನ್ನೇ ದಾಟಲು ಆಗುವುದಿಲ್ಲ. ಒಮ್ಮೆ ಆ ಸಂಖ್ಯೆಗೆ ಕರೆ ಮಾಡಿದೆ. ಯಾರೋ ಹುಡುಗ ಎತ್ತಿದ. ಏನೂ ಹೇಳಲಾಗದೆ ಇಟ್ಟುಬಿಟ್ಟೆ.

ಮೊಬೈಲ್ ಸಂಖ್ಯೆ ಬದಲಿಸಲು ಆಗ ಆಧಾರ್ ಕೇಂದ್ರಕ್ಕೇ ಹೋಗಿ ಬೆರಳೊತ್ತಬೇಕಿತ್ತು. ವಿಳಾಸ ಬದಲಿಸಲು ದಾಖಲೆ ಬೇಕು. ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ವಿಳಾಸ ಬದಲಿಸುವ ಸೌಲಭ್ಯ ಇದೆಯಲ್ಲ ಎಂದು ಅಥಣಿಯವಳು ಹೇಳಿದಳು. ಅದು ರಕ್ತಸಂಬಂಧಿಗಳಿಗೆ, ಗಂಡ ಹೆಂಡತಿಗೆ. ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡವರಿಗೆ ಅಲ್ಲ. ಮಾಲೀಕರ ಬಳಿ ಹೋಗಿ, ಕರಾರಿನಲ್ಲಿ ನನ್ನ ಹೆಸರನ್ನೂ ಸೇರಿಸಿ ಎಂದು ಕೇಳಿಕೊಂಡೆ. ಅವರು ಒಳ್ಳೆಯವರು, ಆದರೆ ಕಾಗದಕ್ಕೆ ಹೆದರುವವರು. ಹನ್ನೊಂದು ತಿಂಗಳ ಕರಾರು ಮುಗಿಯಲಿ, ಹೊಸದು ಮಾಡುವಾಗ ನೋಡೋಣ ಎಂದರು. ಅದಕ್ಕೆ ಇನ್ನೂ ಏಳು ತಿಂಗಳಿತ್ತು.

ಕೊನೆಗೆ ದಾರಿ ತೋರಿಸಿದ್ದು ಆಧಾರ್ ಕೇಂದ್ರದ ಗೋಡೆಗೆ ಅಂಟಿಸಿದ್ದ ದಾಖಲೆಗಳ ಪಟ್ಟಿ. ಅದರಲ್ಲಿ ಒಂದು ನಿಗದಿತ ನಮೂನೆಯ ಪ್ರಮಾಣಪತ್ರ ಇದೆ. ತಹಶೀಲ್ದಾರರು, ಎ ದರ್ಜೆಯ ಗೆಜೆಟೆಡ್ ಅಧಿಕಾರಿಗಳು, ಶಾಸಕರು, ಸಂಸದರು, ನಗರಸಭೆ ಅಥವಾ ಪಾಲಿಕೆಯ ಸದಸ್ಯರು ಅದಕ್ಕೆ ಸಹಿ ಮಾಡಬಹುದು. ಸಹಿಯಾದ ದಿನದಿಂದ ಮೂರು ತಿಂಗಳು ಅದಕ್ಕೆ ಬೆಲೆ. ನಮೂನೆಯನ್ನು ಮುದ್ರಿಸಿಕೊಂಡು, ಫೋಟೊ ಅಂಟಿಸಿಕೊಂಡು ಹೋದೆ. ಸಹಿ ಮಾಡಿದವರು ಮೊಹರನ್ನು ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಒತ್ತಿದರು. ನೀಲಿ ಮಸಿ ನನ್ನ ಎಡ ಭುಜದ ಮೇಲೆ ಹರಡಿತು. ಹೀಗೆ ಬೀಳದಿದ್ದರೆ ಅರ್ಜಿ ತಿರಸ್ಕಾರವಾಗುತ್ತದಂತೆ, ಮೊಹರು ಪೂರ್ತಿ ಹೊರಗೆ ಬಿದ್ದದ್ದಕ್ಕೆ ಎರಡು ಸಲ ಅಲೆದವರನ್ನು ನಾನು ಸಾಲಿನಲ್ಲೇ ಕಂಡೆ. ವಿಳಾಸ ಮತ್ತು ಮೊಬೈಲ್ ಎರಡನ್ನೂ ಒಂದೇ ಭೇಟಿಯಲ್ಲಿ ಬದಲಿಸಿಕೊಂಡೆ. ಹೊಲಿಗೆಯಿಂದ ನನ್ನ ಬೆರಳ ತುದಿ ಸವೆದಿದೆ. ಯಂತ್ರ ನನ್ನ ಬೆರಳನ್ನು ಗುರುತಿಸಲು ಐದಾರು ಸಲ ಒತ್ತಬೇಕಾಯಿತು, ಕೊನೆಗೆ ಹೆಬ್ಬೆರಳು ಹಿಡಿಯಿತು.

ವಿಳಾಸ ಬದಲಾದ ಮೇಲೆ ಆದಾಯ ಪ್ರಮಾಣಪತ್ರ ಸುಲಭವಾಯಿತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯಾಗಿ, ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆ ಇರುವ ಪತ್ರ ಕೈಗೆ ಬಂತು. ಅದು ಐದು ವರ್ಷ ನಡೆಯುತ್ತದೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಆಧಾರ್, ಆಮೇಲೆ ಆದಾಯ, ಆಮೇಲೆ ಅರ್ಜಿ. ನಮ್ಮ ಗಲ್ಲಿಯ ಒಬ್ಬರು ಹಳೆಯ ವಿಳಾಸದ ಮೇಲೆ ಆದಾಯ ಪತ್ರ ತೆಗೆಸಿ, ನಂತರ ಆಧಾರ್ ಬದಲಿಸಿ, ಎರಡು ಹೊಂದದೆ ಮತ್ತೆ ಮೊದಲಿನಿಂದ ಶುರುಮಾಡಿದರು.

ಇನ್ನು ಕಷ್ಟದ ಭಾಗಕ್ಕೆ ಬರುತ್ತೇನೆ.

ಅರ್ಜಿಯ ಆರಂಭದಲ್ಲೇ ಎರಡು ಪ್ರಶ್ನೆಗಳಿವೆ. ನಿಮ್ಮ ಕುಟುಂಬಕ್ಕೆ ಭಾರತದ ಯಾವುದೇ ಭಾಗದಲ್ಲಿ ಪಕ್ಕಾ ಮನೆ ಇದೆಯೇ? ಕಳೆದ ಇಪ್ಪತ್ತು ವರ್ಷಗಳಲ್ಲಿ ಸರ್ಕಾರದ ಯಾವುದೇ ವಸತಿ ಯೋಜನೆಯಿಂದ ನೆರವು ಪಡೆದಿದ್ದೀರಾ? ಇವಕ್ಕೆ ಉತ್ತರ ಕೊಡುವಾಗ ನನ್ನ ಕೈ ನಿಂತಿತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನಮ್ಮ ಮನೆ ಬಿದ್ದಿತ್ತು. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಸುದ್ದಿ ಬಂದ ರಾತ್ರಿ ಮಗಳನ್ನು ಹೆಗಲ ಮೇಲೆ ಹೊತ್ತು ಶಾಲೆಯ ಕಟ್ಟಡಕ್ಕೆ ಹೋದವರು ನಾವು. ಮಣ್ಣಿನ ಗೋಡೆ ಮೂರನೆಯ ದಿನ ಕುಳಿತುಬಿಟ್ಟಿತು. ಪೂರ್ತಿ ಬಿದ್ದ ಮನೆಗಳಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ನಮ್ಮದು ಎ ವರ್ಗದಲ್ಲಿ ಬಂತು, ಹಂತ ಹಂತವಾಗಿ ಹಣ ಬಂದು ಹೊಸ ಮನೆ ಎದ್ದಿತು. ಆ ಮನೆ ಇರುವುದು ಮಾವನ ಹೆಸರಿನಲ್ಲಿ, ಪರಿಹಾರ ಮಂಜೂರಾದದ್ದೂ ಮಾವನ ಹೆಸರಿಗೆ. ಅಲ್ಲಿ ಈಗ ಅತ್ತೆ, ಮಾವ, ಮೈದುನನ ಸಂಸಾರ ಇದ್ದಾರೆ.

ನನಗೆ ಮನೆ ಇದೆಯೇ ಇಲ್ಲವೇ? ಹಬ್ಬಕ್ಕೆ ಹೋದರೆ ಮಲಗಲು ಜಾಗ ಇದೆ. ಹಕ್ಕು ಇಲ್ಲ. ಯೋಜನೆಯ ಮಾರ್ಗಸೂಚಿಯಲ್ಲಿ ಕುಟುಂಬ ಅಂದರೆ ಯಾರು ಎಂದು ಸ್ಪಷ್ಟವಾಗಿ ಬರೆದಿದೆ. ಗಂಡ, ಹೆಂಡತಿ, ಮದುವೆಯಾಗದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ಇಷ್ಟೇ. ಅತ್ತೆ ಮಾವ ಅದರಲ್ಲಿ ಬರುವುದಿಲ್ಲ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಆ ಲೆಕ್ಕದಲ್ಲಿ ನನ್ನ ಕುಟುಂಬ ಎಂದರೆ ನಾನು ಮತ್ತು ನನ್ನ ಮಗಳು, ಇಬ್ಬರೇ. ಓದಿ ಎದೆ ಭಾರವಾಯಿತು, ದಾರಿಯೂ ತೆರೆಯಿತು.

ಆದರೆ ಪಡಿತರ ಚೀಟಿಯಲ್ಲಿ ನಾವಿಬ್ಬರೂ ಇನ್ನೂ ಮಾವನ ಕುಟುಂಬದಲ್ಲೇ ಇದ್ದೆವು. ಪ್ರವಾಹದ ಮನೆ ಪಡೆದ ಕುಟುಂಬ, ಅದೇ ಚೀಟಿಯಲ್ಲಿ ನನ್ನ ಹೆಸರು. ನಾಳೆ ಯಾರಾದರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಾನು ಸುಳ್ಳುಗಾರ್ತಿ ಎನಿಸುತ್ತೇನೆ. ಹೆಸರು ತೆಗೆಸಲೇಬೇಕು ಎಂದು ತೀರ್ಮಾನಿಸಿ ಊರಿಗೆ ಹೋದೆ. ಅತ್ತೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಗ ತಲೆಗೆ 10 ಕಿಲೋ ಅಕ್ಕಿ ಬರುತ್ತಿತ್ತು, ನಮ್ಮಿಬ್ಬರ 20 ಕಿಲೋ ಅವರೇ ಉಣ್ಣುತ್ತಿದ್ದರು, ಉಣ್ಣಲಿ ಎಂದು ನಾನೂ ಬಿಟ್ಟಿದ್ದೆ. ಅತ್ತೆ ಅಕ್ಕಿಯ ಮಾತೇ ಎತ್ತಲಿಲ್ಲ. ಕಟ್ಟೆಯ ಮೇಲೆ ಕುಳಿತು, ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, ಮಗನ ಹೆಸರು ಆಗಲೇ ಹೋಯಿತು, ಈಗ ನೀವೂ ಹೋದರೆ ಇದರಲ್ಲಿ ಅವನದು ಎಂದು ಏನು ಉಳಿಯಿತು ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರ ಪಕ್ಕದಲ್ಲಿ ಕುಳಿತು ಅವರೊಂದಿಗೆ ನಾನೂ ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಅವರೇ ಮಾವನಿಗೆ ಹೇಳಿ ಕಳುಹಿಸಿದರು. ಪರಿಹಾರ ಮಂಜೂರಾದ ಆದೇಶದ ಪ್ರತಿಯನ್ನೂ ಟ್ರಂಕಿನಿಂದ ಹುಡುಕಿ ಕೊಟ್ಟರು. ಆ ಪ್ರತಿಯಲ್ಲಿ ಫಲಾನುಭವಿಯಾಗಿ ಮಾವನ ಹೆಸರು ಸ್ಪಷ್ಟವಾಗಿತ್ತು. ನನ್ನ ಕಡತದಲ್ಲಿ ಅದಕ್ಕಿಂತ ಬೆಲೆಯ ಕಾಗದ ಇನ್ನೊಂದಿರಲಿಲ್ಲ.

ಇಷ್ಟೆಲ್ಲ ಜೋಡಿಸಿಕೊಂಡು ಅರ್ಜಿ ತುಂಬಲು ಒಂದು ಸೇವಾ ಕೇಂದ್ರಕ್ಕೆ ಹೋದೆ. ಮನೆಯಲ್ಲೇ ಮೊಬೈಲಿನಲ್ಲಿ ತುಂಬಬಹುದಾಗಿತ್ತು, ಆದರೆ ಕಾಗದಗಳನ್ನು ಸಣ್ಣ ಗಾತ್ರದ ಪಿಡಿಎಫ್ ಮಾಡುವುದು ನನಗೆ ಬರುತ್ತಿರಲಿಲ್ಲ. ಅಲ್ಲಿನ ಹುಡುಗ ಚುರುಕಾಗಿದ್ದ, ಬೆರಳು ಓಡಿದಂತೆ ಮಾತೂ ಓಡುತ್ತಿತ್ತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ನಾಲ್ಕು ಎಂದೆ. ಎಲ್ಲರ ಆಧಾರ್ ಕೊಡಿ ಎಂದ. ನಾನು ಏನೂ ಯೋಚಿಸದೆ ಮೊಬೈಲಿನಲ್ಲಿದ್ದ ಗೆಳತಿಯರ ಆಧಾರ್ ಚಿತ್ರವನ್ನೂ ತೋರಿಸಿದೆ. ಬಾಡಿಗೆ ಕರಾರಿನ ಕಾಲದಲ್ಲಿ ಅವರು ಕಳುಹಿಸಿದ್ದು ಅದು. ಅವನು ಖಾನಾಪುರದವಳ ಸಂಖ್ಯೆಯ ಮೊದಲ ಎಂಟು ಅಂಕಿ ಹೊಡೆದಾಗಿತ್ತು. ಪರದೆಯ ಮೇಲೆ ನೋಡಿದರೆ ಆ ಕಲಮಿನ ಹೆಸರು ಕುಟುಂಬದ ಸದಸ್ಯರು ಎಂದಿತ್ತು.

ತಮ್ಮಾ, ನಿಲ್ಲಿಸು ಎಂದೆ. ಜೋರಾಗಿಯೇ ಎಂದಿರಬೇಕು, ಹಿಂದಿನವರು ತಿರುಗಿ ನೋಡಿದರು. ಆ ಎರಡು ಸಂಖ್ಯೆಗಳು ನನ್ನ ಅರ್ಜಿಯಲ್ಲಿ ಕುಟುಂಬ ಎಂದು ದಾಖಲಾಗಿದ್ದರೆ ನನ್ನ ಆದಾಯದ ಲೆಕ್ಕ ಕೆಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರಿಬ್ಬರೂ ಮುಂದೆಂದಾದರೂ ತಮ್ಮ ಮನೆಗೆ ಅರ್ಜಿ ಹಾಕಿದಾಗ ಅವರ ಆಧಾರ್ ಇನ್ನೊಬ್ಬರ ಕುಟುಂಬದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ನನ್ನ ಅವಸರಕ್ಕೆ ಅವರ ಮನೆ ಹೋಗುತ್ತಿತ್ತು. ಇದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಮನೆಯಲ್ಲಿ ಎಷ್ಟು ಜನ ಎಂಬುದು ಒಂದು ಪ್ರಶ್ನೆ, ಕುಟುಂಬದಲ್ಲಿ ಎಷ್ಟು ಜನ ಎಂಬುದು ಬೇರೆಯೇ ಪ್ರಶ್ನೆ. ಅರ್ಜಿ ತುಂಬಿಕೊಡುವವರು ಮೊದಲನೆಯದನ್ನು ಕೇಳಿ ಎರಡನೆಯದಕ್ಕೆ ಉತ್ತರ ಬರೆಯುತ್ತಾರೆ. ಪರದೆಯನ್ನು ನೀವೇ ನೋಡಿ, ಪ್ರತಿ ಕಲಮನ್ನೂ ಓದಿಸಿಕೊಳ್ಳಿ. ಸಾಲು ಉದ್ದ ಇದೆ ಎಂದು ನಾಚಬೇಡಿ.

ಸದಸ್ಯರು ಎಂಬಲ್ಲಿ ಮಗಳ ಹೆಸರೊಂದನ್ನೇ ಬರೆಸಿದೆ. ಗಂಡನ ಮರಣ ಪ್ರಮಾಣಪತ್ರ, ಆದಾಯ ಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ವಿವರ, ಪಕ್ಕಾ ಮನೆ ಇಲ್ಲ ಎಂಬ ಸ್ವಯಂ ಘೋಷಣೆ ಎಲ್ಲ ಸೇರಿತು. ಹೊಸ ಮೊಬೈಲ್ ಸಂಖ್ಯೆಗೆ ಒಟಿಪಿ ಬಂತು. ಅರ್ಜಿ ಸಂಖ್ಯೆ ಇರುವ ಹಾಳೆಯನ್ನು ಎರಡು ಪ್ರತಿ ತೆಗೆಸಿದೆ.

ಪರಿಶೀಲನೆಗೆ ಬಂದದ್ದು ಎರಡೂವರೆ ತಿಂಗಳ ನಂತರ, ಧೋ ಎಂದು ಮಳೆ ಸುರಿಯುವ ಒಂದು ಮಧ್ಯಾಹ್ನ. ಬರುತ್ತಾರೆ ಎಂದು ಹಿಂದಿನ ದಿನ ಕರೆ ಬಂದಾಗಲೇ ಗಲ್ಲಿಯ ಹಿರಿಯರೊಬ್ಬರು ನನ್ನನ್ನು ಕರೆದು ಬುದ್ಧಿ ಹೇಳಿದ್ದರು. ನಿನ್ನ ಖೋಲಿಯ ಮೂಲೆಯಲ್ಲಿ ಇನ್ನೊಂದು ಒಲೆ ಇಡು, ನಾಲ್ಕು ಪಾತ್ರೆ ಜೋಡಿಸು, ಬೇರೆ ಅಡುಗೆ ಮಾಡಿಕೊಳ್ಳುತ್ತೇನೆ ಎನ್ನು ಎಂದರು. ಅವರ ಮನೆಯ ಸೀಮೆಎಣ್ಣೆ ಸ್ಟೋವನ್ನು ಕೊಡಲೂ ಸಿದ್ಧರಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಒಂದು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದೆ. ಮೂರು ವರ್ಷ ಒಂದೇ ಒಲೆಯಲ್ಲಿ ಬೆಂದ ಅನ್ನ ಉಂಡಿದ್ದೇವೆ. ಅದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ, ಮಗಳ ಎದುರು ಹಾಗೆ ನಾಟಕ ಹೂಡಲು ಇನ್ನೂ ಆಗಲಿಲ್ಲ.

ಬಂದ ಸಿಬ್ಬಂದಿ ಐವತ್ತು ದಾಟಿದವರು. ಕೊಡೆ ಮಡಚಿ ಬಾಗಿಲ ಹೊರಗೆ ಇಟ್ಟು, ಒಳಗೆ ಬಂದು, ಎರಡೂ ಖೋಲಿ ನೋಡಿ, ಅಡುಗೆಮನೆಗೆ ಇಣುಕಿದರು. ಗ್ಯಾಸ್ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಹೇಳಿದೆ. ಕರೆಂಟಿನ ಬಿಲ್ಲಿಗೆ ಯಾರ ಆಧಾರ್ ಎಂದು ಕೇಳಿದರು. ಅದನ್ನೂ ಹೇಳಿದೆ. ಅಡುಗೆ? ಒಟ್ಟಿಗೆ ಎಂದೆ. ಅವರು ಪೆನ್ನು ತೆಗೆದು, ಹಾಗಾದರೆ ಮೂವರ ಆದಾಯವನ್ನೂ ಸೇರಿಸಬೇಕಾಗುತ್ತದೆ, ಒಂದೇ ಒಲೆ ಎಂದರೆ ಒಂದೇ ಕುಟುಂಬ ಎಂದರು. ನನ್ನ 11,000, ಖಾನಾಪುರದವಳ 14,000, ಅಥಣಿಯವಳ 19,000. ವರ್ಷಕ್ಕೆ 5,28,000. ಒಂದು ಕೂಡಿಸುವ ಲೆಕ್ಕಕ್ಕೆ ನಾನು ದುರ್ಬಲ ವರ್ಗದಿಂದ ಆಚೆ ಹೋಗಿಬಿಡುತ್ತಿದ್ದೆ.

ಅವರು ಕೆಟ್ಟ ಉದ್ದೇಶದಿಂದ ಹೇಳಿದವರಲ್ಲ. 2011ರ ಜನಗಣತಿಯಲ್ಲಿ ಗಣತಿದಾರರಾಗಿದ್ದರಂತೆ. ಅಲ್ಲಿ ಕಲಿಸಿದ್ದೇ ಹಾಗೆ. ಜನಗಣತಿಯಲ್ಲಿ ಒಂದು ಮನೆವಾರ್ತೆ ಎಂದರೆ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅವರು ಸಂಬಂಧಿಗಳೇ ಆಗಿರಬೇಕೆಂದಿಲ್ಲ. ಆ ಮಾತು ಗಣತಿಗೆ ಸರಿ. ತಲೆ ಎಣಿಸುವಾಗ ಯಾರೂ ಎರಡು ಸಲ ಎಣಿಕೆಯಾಗಬಾರದು, ಯಾರೂ ಬಿಟ್ಟುಹೋಗಬಾರದು. ವಸತಿ ಯೋಜನೆ ಕೇಳುವುದು ಬೇರೆ. ಇದು ಯಾರ ಮನೆ, ಯಾರ ನಂತರ ಯಾರಿಗೆ ಸೇರುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ನಾಳೆ ಸಮುಚ್ಚಯದಲ್ಲಿ ಮನೆ ಸಿಕ್ಕರೆ ಅದು ನನ್ನದು, ನನ್ನ ನಂತರ ಮಗಳದು. ಗೆಳತಿಯರು ಅದರಲ್ಲಿ ಪಾಲು ಕೇಳುವುದಿಲ್ಲ, ನಾನೂ ಅವರ ಸಂಬಳದಲ್ಲಿ ಪಾಲು ಪಡೆಯುವುದಿಲ್ಲ.

ಮಾರ್ಗಸೂಚಿಯ ಆ ಪುಟವನ್ನು ಮುದ್ರಿಸಿ ಇಟ್ಟುಕೊಂಡಿದ್ದೆ. ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಓದಿ, ಸರಿ ಅಮ್ಮಾ, ಆದರೆ ನೀವು ಮೂವರೂ ಬೇರೆ ಬೇರೆ ಎಂದು ನಾನು ಯಾವುದರ ಮೇಲೆ ಬರೆಯಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕರಾರಿನಲ್ಲಿ ನನ್ನ ಹೆಸರಿಲ್ಲ, ಬಿಲ್ಲಿನಲ್ಲಿಲ್ಲ, ಗ್ಯಾಸಿನಲ್ಲಿಲ್ಲ.

ಆಗ ಮಗಳು ಎದ್ದು ಅಡುಗೆಮನೆಗೆ ಹೋಗಿ, ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ಲೆಕ್ಕದ ಪುಸ್ತಕವನ್ನು ತಂದಳು. ಗಣಪತಿ ಗಲ್ಲಿಯಲ್ಲಿ ಕೊಂಡ ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಅಂಚುಗಳಿಗೆ ಎಣ್ಣೆ ಹತ್ತಿದೆ, ಒಂದೆರಡು ಪುಟಕ್ಕೆ ಹಿಟ್ಟು ಅಂಟಿದೆ. ಪ್ರತಿ ಪುಟದಲ್ಲೂ ಮೂರು ಅಂಕಣ, ಪ್ರತಿ ಅಂಕಣದ ತಲೆಯ ಮೇಲೆ ಒಬ್ಬೊಬ್ಬರ ಹೆಸರಿನ ಮೊದಲ ಅಕ್ಷರ. ಹಾಲು, ಒಳ್ಳೆಣ್ಣೆ, ಜೋಳ ಬೀಸಿದ ಕೂಲಿ, ಸಿಲಿಂಡರು, ಮೋಟಾರು ರಿಪೇರಿ. ಖಾಸಬಾಗದ ರವಿವಾರದ ಸಂತೆಯ ತರಕಾರಿ ಲೆಕ್ಕ ಪ್ರತಿ ವಾರವೂ ಇದೆ. ಹಾಲಿನಲ್ಲಿ ಮಗಳದು ಪೂರ್ತಿ ಒಂದು ಪಾಲು, ಬಾಡಿಗೆಯಲ್ಲಿ ಅವಳಿಗೆ ಪಾಲಿಲ್ಲ. ಅದು ಗೆಳತಿಯರೇ ಮಾಡಿದ ಪದ್ಧತಿ. ಅಥಣಿಯವಳು ಊರಿಗೆ ಹೋದ ನಾಲ್ಕು ದಿನಗಳ ಎದುರು ಅಡ್ಡಗೆರೆ ಇದೆ, ಆ ನಾಲ್ಕು ದಿನಗಳ ಹಾಲು ಅವಳ ಲೆಕ್ಕಕ್ಕೆ ಬಂದಿಲ್ಲ. ತಿಂಗಳ ಕೊನೆಯಲ್ಲಿ ಮೂವರ ಸಹಿ.

ಅವರು ಪುಟ ತಿರುವುತ್ತಾ ಹೋದರು. ಹಿಂದಿನ ವರ್ಷದ ಶ್ರಾವಣದವರೆಗೆ ಹೋಗಿ ನಿಂತರು. ಒಂದೇ ಕುಟುಂಬದವರು ಅರ್ಧ ಲೀಟರ್ ಹಾಲಿಗೆ ಸಹಿ ಹಾಕುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ನಾಲ್ಕೈದು ಪುಟಗಳ ಫೋಟೊ ತೆಗೆದುಕೊಂಡರು. ಅಷ್ಟರಲ್ಲಿ ಖಾನಾಪುರದವಳು ಪಾಳಿ ಮುಗಿಸಿ ನೆನೆದುಕೊಂಡೇ ಬಂದಳು. ಅವಳ ಬಾಯಿಂದಲೂ ಕೇಳಿ, ಅವಳ ಮತ್ತು ಪಕ್ಕದ ಮನೆಯವರ ಸಹಿ ಪಡೆದು ಪಂಚನಾಮೆಯಂತೆ ಒಂದು ಹಾಳೆ ಬರೆದರು. ಅದರಲ್ಲಿ ಇದ್ದ ವಾಕ್ಯ ನನಗೆ ಬಾಯಿಪಾಠವಾಗಿದೆ. ಅರ್ಜಿದಾರರು ತಮ್ಮ ಅವಿವಾಹಿತ ಮಗಳೊಂದಿಗೆ ಬಾಡಿಗೆ ಮನೆಯ ಒಂದು ಕೊಠಡಿಯಲ್ಲಿ ವಾಸವಿದ್ದು, ಮನೆಯ ಇತರ ನಿವಾಸಿಗಳೊಂದಿಗೆ ಯಾವುದೇ ಕೌಟುಂಬಿಕ ಸಂಬಂಧ ಹೊಂದಿರುವುದಿಲ್ಲ.

ಆ ಸಂಜೆ ಅದನ್ನು ಗೆಳತಿಯರಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಯಾವುದೇ ಸಂಬಂಧ ಹೊಂದಿರುವುದಿಲ್ಲ. ಕಾಗದಕ್ಕೆ ಆ ಮಾತು ಬೇಕಿತ್ತು. ಖಾನಾಪುರದವಳು ನನ್ನ ಬೆನ್ನ ಮೇಲೆ ಕೈಯಿಟ್ಟು, ಬರೆದರೆ ಬರೆಯಲಿ, ನಾಳೆ ರೊಟ್ಟಿಗೆ ಹಿಟ್ಟು ಇದೆಯೇ ನೋಡು ಎಂದು ಮರಾಠಿಯಲ್ಲಿ ಹೇಳಿದಳು.

ಮನೆ ಹಂಚಿಕೊಂಡು ಇರುವುದನ್ನು ನಮ್ಮ ಕಚೇರಿಗಳು ಅನುಮಾನದಿಂದ ನೋಡುತ್ತವೆ. ಅದನ್ನು ಬಡತನದ ಗುರುತು ಎಂದು ನೋಡಬೇಕಾಗಿತ್ತು. ಒಬ್ಬಳೇ ಬಾಡಿಗೆ ತೆರಲಾಗದವಳು ತಾನೇ ಇನ್ನಿಬ್ಬರ ಜೊತೆ ಸೇರುವುದು? ಯೋಜನೆ ಬರೆದವರಿಗೆ ಚಾಳಗಳಲ್ಲಿ, ಕೊಳೆಗೇರಿಗಳಲ್ಲಿ ಇರುವವರ ನೆನಪಿದ್ದದ್ದು ಮಾರ್ಗಸೂಚಿಯಲ್ಲೇ ಕಾಣುತ್ತದೆ. ಒಂದು ಬಾಡಿಗೆ ಮನೆಯಲ್ಲಿ ಎರಡು ಮೂರು ಕುಟುಂಬಗಳು ಇರಬಹುದು, ಅವಕ್ಕೆ ಇಂಥ ದಾಖಲೆ ಸಾಕು ಎಂದು ಅರ್ಜಿಯಲ್ಲೇ ಒಂದು ಕಲಮು ಇದ್ದಿದ್ದರೆ ನನ್ನ ಎಷ್ಟೋ ದಿನಗಳ ಕೂಲಿ ಉಳಿಯುತ್ತಿತ್ತು. ಅಂಗಡಿಯಲ್ಲಿ ತುಂಡಿನ ಲೆಕ್ಕದಲ್ಲಿ ದುಡಿಯುವವಳಿಗೆ ಒಂದು ದಿನ ಕಚೇರಿಗೆ ಹೋದರೆ ನಾಲ್ಕು ರವಿಕೆ ಹೋದ ಹಾಗೆ.

ನನ್ನ ಅರ್ಜಿಯ ಸ್ಥಿತಿ ನೋಡಿದರೆ ಪರಿಶೀಲನೆ ಪೂರ್ಣ ಎಂದು ತೋರಿಸುತ್ತದೆ. ಮುಂದೆ ರಾಜ್ಯದ ಸಮಿತಿ, ಆಮೇಲೆ ಕೇಂದ್ರದ ಮಂಜೂರಾತಿ ಸಮಿತಿ. ವಾರಕ್ಕೊಮ್ಮೆ ಮಗಳೇ ನೋಡಿ ಹೇಳುತ್ತಾಳೆ.

ಕಳೆದ ತಿಂಗಳು ಬಾಡಿಗೆ ಕರಾರು ಮುಗಿಯಿತು. ಹೊಸದನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ಮೂವರ ಹೆಸರಿನಲ್ಲೂ ಮಾಡಿಸಿದೆವು, ಬಾಡಿಗೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನೂ ಬರೆಸಿದೆವು. ಮಾಲೀಕರು ಸಹಿ ಮಾಡುವ ಮೊದಲು ಎರಡು ಸಲ ಓದಿದರು, ಇದರಿಂದ ನನಗೇನೂ ತೊಂದರೆಯಿಲ್ಲವಲ್ಲ ಎಂದು ಕೇಳಿದರು. ಹನ್ನೊಂದು ತಿಂಗಳದ್ದು, ನೋಂದಣಿಯ ಅಗತ್ಯವೂ ಇಲ್ಲ ಎಂದು ಅಥಣಿಯವಳು ಬಿಡಿಸಿ ಹೇಳಿದ ಮೇಲೆ ಸಹಿಯಾಯಿತು. ಮೂರು ಪ್ರತಿ ತೆಗೆಸಿ, ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿದ್ದೇವೆ.

ಖಾನಾಪುರದವಳ ಆಧಾರ್‌ನಲ್ಲಿ ಇನ್ನೂ ಹಳ್ಳಿಯ ವಿಳಾಸವೇ ಇದೆ. ಈ ಸೋಮವಾರ ಅವಳಿಗೆ ರಜೆ. ನಮೂನೆ ಮುದ್ರಿಸಿ, ಫೋಟೊ ಅಂಟಿಸಿ ಇಟ್ಟಿದ್ದೇನೆ. ಮೊಹರು ಎಲ್ಲಿ ಬೀಳಬೇಕು ಎಂದು ಪೆನ್ಸಿಲಿನಿಂದ ಸಣ್ಣ ಗುರುತನ್ನೂ ಹಾಕಿದ್ದೇನೆ.